ಗೇಟು ಬಿದ್ದಾಗ

ಅಶೋಕ ರಸ್ತೆಯ ರೈಲ್ವೆ ಗೇಟು ಬಿತ್ತು.
ಜಬೀವುಲ್ಲಾ ಹ್ಯಾಂಡಲ್ ಬಿಟ್ಟು ಮೊಬೈಲ್ ಹಿಡಿದ;
ಹೆಬ್ಬೆರಳಡಿ ನಾಲ್ಕು ದಪ್ಪ ಚಕ್ರ
ಕೆಸರು ಚಿಮ್ಮಿಸಿ ಗುಡ್ಡ ಹತ್ತಿ
ನೆಲ ಬಿಟ್ಟವು.

ಹಿಂದೆ ಮಂಡಕ್ಕಿ ಚೀಲಗಳ ಮೇಲೆ ನಾನು,
ಅವನ ಹೆಗಲಾಚೆ ಇಣುಕುತ್ತ
ತಿರುವಿಗೆ ಮೈ ವಾಲಿಸಿದೆ.

ಮಗುಚಿತು.
ಒಂದು, ಎರಡು, ಮೂರು ಅನ್ನುವುದರೊಳಗೆ
ಗಾಡಿ ತಾನೇ ಎದ್ದು
ದಾರಿಗೆ ಬಂತು.

ಬಾತಿ ಕೆರೆ ಏರಿ ಮೇಲೆ ನಮ್ಮದು ಮಗುಚಿದ ದಿನ
ನೀರ ತುಂಬ ಮಂಡಕ್ಕಿ ತೇಲಿ
ಮೀನಿಗೆ ಹಬ್ಬ.
ಅವನ ಮೊಣಕೈ ಇನ್ನೂ ನೆಟ್ಟಗಾಗಿಲ್ಲ.

ರೈಲು ಹೋಯಿತು. ಹಿಂದಿನಿಂದ ಹಾರನ್ನು, ಬೈಗುಳ.
‘ತಡೀರೋ, ಎರಡನೇ ನಂಬರಲ್ಲಿದೀನಿ!’

ಹಳಿ ದಾಟುವಾಗ ಮಾತ್ರ
ಮೊದಲ ಗೇರು,
ಮೂರೂ ಚಕ್ರ ಒಂದೊಂದಾಗಿ,
ತಲೆಯ ಮೇಲಿನ ಕೊಡ ಇಳಿಸುವಂತೆ.