ಸೇತುವೆಯ ನಡುವಿನವರೆಗೆ

ಲುಯಾಂದೊಳ ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ
ನಮ್ಮ ಎರಡು ದಿನ ಬರೆದಿಟ್ಟಿದ್ದೇನೆ.
ಚೋಮಾದಿಂದ ಲಿವಿಂಗ್‌ಸ್ಟನ್‌ಗೆ ಬಸ್ಸು, ದೊಡ್ಡವರು ಮೂವರು.
ಟ್ವಾಂಬೊಗೆ ಅರ್ಧವೋ ಪೂರ್ತಿಯೋ
ಕಂಡಕ್ಟರನ ಕಣ್ಣಿಗೆ ಬಿಟ್ಟದ್ದು.
ನಿಂತರೆ ಆರು ವರ್ಷ, ತೊಡೆಯ ಮೇಲೆ ಕೂತರೆ ನಾಲ್ಕು.

ಯಾವಾಗ ಅನ್ನುವುದಕ್ಕೇ ಮೂರು ಸಂಜೆ ಹೋಯಿತು.
ಜೋಳದ ದುಡ್ಡು ಕೈಗೆ ಬರುವುದು ಅಕ್ಟೋಬರಿಗೆ,
ಅಂದ ಹಬೀನ್ಜು.
ಅಕ್ಟೋಬರಿನಲ್ಲಿ ನಮ್ಮ ಕಡೆ ಬರೀ ಬಂಡೆ,
ಇದ್ದಬದ್ದ ನೀರೆಲ್ಲ ಆಚೆ ದೇಶದ ಪಾಲು, ಅಂದೆ.
'ಬಂಡೆ ನೋಡಲಿಕ್ಕೂ ಅಷ್ಟೇ ಟಿಕೆಟ್ಟಾ?'
ಅಷ್ಟೇ ಮಗಳೇ.
ಹಲ್ಲಿಗೂ ಕಡಲೆಗೂ ಇರುವ ಹಳೆಯ ಜಗಳ,
ಈ ಸಲ ನೀರಿಗೂ ನೋಟಿಗೂ.

ಕೊನೆಗೆ ಹೊಲಿಗೆ ಮಿಶನ್ನಿನ ಡ್ರಾಯರು ತೆಗೆದೆ.
ಹನ್ನೊಂದು ಯೂನಿಫಾರ್ಮಿನ ಕೂಲಿ,
ಗುಂಡಿಗಳ ಕೆಳಗೆ ಮಡಚಿಟ್ಟದ್ದು.
ಮೇ ತಿಂಗಳು, ಮೊದಲ ವಾರ, ಶಾಲೆಗೆ ರಜೆ.
ಬಾಡಿಗೆಯ ರೇನ್‌ಕೋಟು ಬೇಡ,
ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕು ತೊಳೆದು
ನಾಲ್ಕು ಅಂಗಿ ನಾನೇ ಹೊಲಿಯುತ್ತೇನೆ.
ಬೇಯಿಸಿದ ಗೆಣಸು, ಶೇಂಗಾ. ಬುತ್ತಿ ಕೈಯಲ್ಲಿ ಹಿಡಿಯಬಾರದು,
ಬಬೂನುಗಳು ನೆಂಟರ ಹಾಗೆ ಬಂದು
ಕಳ್ಳರ ಹಾಗೆ ಹೋಗುತ್ತವಂತೆ.

ನಾಲ್ಕು ಯಾಕೆ, ಐದು ಹೊಲಿ, ಅಂದ ಹಬೀನ್ಜು.
ಅಮ್ಮ ನೆನೆಯುವುದಿಲ್ಲವಾ?

ಮೂಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದ ಅತ್ತೆ
ತಲೆಯೆತ್ತಲಿಲ್ಲ.
ಬೋರ್ಡಿನ ಮೇಲೆ ಅದಕ್ಕೊಂದು ಹೆಸರು, ಶಾಲೆಯಲ್ಲಿ ಇನ್ನೊಂದು,
ಇವರ ಬಾಯಲ್ಲಿ ಇಂದಿಗೂ ಶುಂಗು ನಮುತಿತಿಮಾ,
ಕುದಿಯುವ ನೀರು.
'ಕುದಿಯುವುದನ್ನು ಒಲೆಯ ಮೇಲೆ ದಿನಾ ನೋಡುತ್ತೇನೆ.
ನನಗೆ ಸೇತುವೆ ಸಾಕು.
ನಡುವಿನವರೆಗೆ.'

ಹಸಿರು ಗುರುತಿನ ಚೀಟಿ ತೋರಿಸಿದರೆ
ಕಾಗದದ ತುಂಡಿಗೆ ಠಸ್ಸೆ ಒತ್ತಿ ಬಿಡುತ್ತಾರೆ,
ಪಾಸ್‌ಪೋರ್ಟು ಬೇಡ.
ಇದೆಲ್ಲ ಯಾರನ್ನು ಕೇಳಿ ತಿಳಿದರೋ,
ಸಂತೆ ಬಿಟ್ಟು ಬೇರೆಲ್ಲಿಗೂ ಹೋಗದವರು.

ಆಮೇಲೆ ಒಂದೇ ಉಸಿರಿಗೆ ಹೇಳಿದರು:
ಆ ವಾರ ತಂಗಿ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿದ್ದಳು,
ಚಿಕ್ಕಮ್ಮನ ಮನೆಯಿಂದ ಒಂದು ಕೋಳಿಮರಿ ತರಲು,
ನಮ್ಮ ಕಡೆಗೆ ಲಾರಿ ಬಂತು, ಪಾತ್ರೆ ಹತ್ತಿಸಿದರು, ನಮ್ಮನ್ನು ಹತ್ತಿಸಿದರು,
ಕೆಳಗೆ ಎಲ್ಲೋ ಅಣೆಕಟ್ಟು ಕಟ್ಟಿದರು,
ನದಿ ಸಮುದ್ರವಾಯಿತು.
ಹೇಳಿ, ಮತ್ತೆ ಶೇಂಗಾ.

ಬಿಂಗಾದಲ್ಲಿ ಆ ತಂಗಿಯ ಮೊಮ್ಮಗಳಿದ್ದಾಳೆ.
ನಂಬರು ಸಿಗಲು ಒಂಬತ್ತು ದಿನ, ಇಬ್ಬರು ಪಾದ್ರಿಗಳು,
ಮೀನಿನ ಲಾರಿಯ ಒಬ್ಬ ಡ್ರೈವರು.
ಮೊನ್ನೆ ರಾತ್ರಿ ಫೋನಿಗೆ ಒಂದು ಧ್ವನಿ ಬಂತು,
ಸೌದೆ ಮುರಿದ ಹಾಗೆ, ಗಾಳಿಯೇ ಹೆಚ್ಚು:
'ಮಜುಬಾ, ಕೋಳಿಮರಿ ಬದುಕಲಿಲ್ಲ ಕಣೇ.'

ಮಜುಬಾ ಯಾರು, ಅಂದ ಟ್ವಾಂಬೊ.
ಊರಿಗೆಲ್ಲ ಇವರು ಬಿನಾ ಹಬೀನ್ಜು, ಹಬೀನ್ಜುವಿನ ತಾಯಿ.
ಹದಿನಾಲ್ಕು ವರ್ಷ ಇವರ ಗಂಜಿ ಕಲಕಿದ ನನಗೂ
ಆ ಹೆಸರು ಗೊತ್ತಿರಲಿಲ್ಲ.
ಅತ್ತೆ ಫೋನನ್ನು ಕಿವಿಗಲ್ಲ, ಎದೆಗೂ ಅಲ್ಲ,
ಮೊಣಕಾಲ ಮೇಲೆ ಮಗುಚಿಟ್ಟುಕೊಂಡು
ಇನ್ನೊಂದು ಸಲ ಹಾಕು, ಅಂದರು.
ಏಳು ಸಲ ಹಾಕಿದೆವು. ಚಾರ್ಜು ಮುಗಿಯಿತು.

ಈಗ ಹಾಳೆಯಲ್ಲಿ ಜಾಗ ಕಡಿಮೆ.
ಜಲಪಾತಕ್ಕೆ ನಾಲ್ವರು, ಬೆಳಿಗ್ಗೆ.
ಸೇತುವೆಗೆ ಐವರು, ಹನ್ನೊಂದು ಗಂಟೆಗೆ,
ಬಿಸಿಲು ಏರುವ ಮೊದಲು, ಆಚೆಯವರಿಗೂ ಮಂಡಿನೋವಂತೆ.
ಕೂರಲು ಮಡಚುವ ಸ್ಟೂಲು, ಎರಡು.
ಹಬೀನ್ಜು ಕೇಳುತ್ತಾನೆ, ನಡು ಅಂತ ಗೊತ್ತಾಗುವುದು ಹೇಗೆ?
ಗೆರೆ ಇರಬಹುದು, ಅಂದೆ.
ಲುಯಾಂದೊ ಹೆಜ್ಜೆಯಲ್ಲಿ ಅಳೆಯುತ್ತಾಳಂತೆ, ಭಾಗಾಕಾರ ಕಲಿತಿದ್ದಾಳಲ್ಲ.

ಇವತ್ತು ಅತ್ತೆ ಗೂಡಿನ ಮುಂದೆ ಕೂತು
ಮರಿಗಳನ್ನು ಒಂದೊಂದಾಗಿ ಎತ್ತಿ
ಹೊಟ್ಟೆ ನೋಡಿ, ಕಾಲು ನೋಡಿ, ಕೆಳಗೆ ಬಿಟ್ಟು,
ಕಂದು ಚುಕ್ಕೆಯದಕ್ಕೆ ಕೆಂಪು ನೂಲು ಕಟ್ಟಿದರು,
ನನ್ನದೇ ಮಿಶನ್ನಿನ ನೂಲು.
ಗಡಿಯಲ್ಲಿ ಜೀವದ ಕೋಳಿ ಬಿಡುವುದಿಲ್ಲ ಅತ್ತೆ.
'ನಡುವಿನವರೆಗೂ ಬಿಡುವುದಿಲ್ಲವಾ?'

ಹಾಳೆಯ ತುದಿಗೆ, ಅಡ್ಡಕ್ಕೆ ತಿರುಗಿಸಿ, ಬರೆದೆ:
ಮರಿ, ಒಂದು. ಬಸ್ಸಿನವ ದುಡ್ಡು ಕೇಳಬಹುದು.
ಸೇತುವೆಯವರನ್ನು ವಿಚಾರಿಸಬೇಕು.