ಹತ್ತು ಗಂಟಿ ಹೂ

ಹುಲಕೋಟಿಯೊಳಗ ಹತ್ತಿದ ಮುದುಕಿ
ಎರಡು ರೂಪಾಯಿ ಕಡಿಮಿ ಬಿತ್ತಂತ
ಬುಟ್ಟಿಯೊಳಗಿನ ಗಿಡದ ಕಡ್ಡಿ ಮುರಿದು ಕೈಗಿಟ್ಟಳು.
'ಊರು, ಬದುಕ್ತದ.'
ಇಸಕೊಂಡು ಚೀಲಕ್ಕ ಹಾಕಿ ಮರೆತೆ.
ಮೂರು ದಿನ ಚಿಲ್ಲರೆಯೊಳಗ ಹೊರಳಾಡಿ
ರೊಕ್ಕದ ವಾಸನಿ ಹಿಡದಿತ್ತು, ಬಾಡಿರಲಿಲ್ಲ.
ಎಲಿ ಅಂದ್ರ ಎಲಿ ಅಲ್ಲ,
ನೀರು ಕುಡದು ಉಬ್ಬಿದ ಜೀರಗಿ.

ಬೆಟಗೇರಿ ಚಾಳಿನ ಕಟ್ಟಿ ಮ್ಯಾಲೆ
ಒಡದ ಬಕೀಟಿನ್ಯಾಗ ಊರಿದೆ.
ಅದು ರಾಣಿ ಬಣ್ಣದ್ದು. ಹಳದಿ ಕಡ್ಡಿ
ಕಂಟ್ರೋಲ್ ರೂಮಿನ ಕುಂಡದಾಗಿಂದ ಕದ್ದದ್ದು.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ
ಕೈ ತೊಳದ ನೀರೂ ಅದಕ್ಕ ಹಬ್ಬ.

ಆದ್ರ ಅದರ ಗಂಟಿ ಹತ್ತು.
ನನ್ನ ಗಾಡಿ ಡಿಪೋ ಬಿಡೂದು ಆರಕ್ಕ.
ಅವು ಕಣ್ಣು ಬಿಡೂ ಹೊತ್ತಿಗೆ ನಾನು ಎರಡನೇ ಟ್ರಿಪ್ಪಿನ್ಯಾಗ
ಅಣ್ಣಿಗೇರಿ ದಾಟಿ, ಜೋತುಬಿದ್ದು,
ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೀಟು ಹರಕೋತ.
ತಿರುಗಿ ಬರೂದ್ರಾಗ ಎಲ್ಲಾ
ಒದ್ದಿ ಕರ್ಚೀಫಿನ್ಹಂಗ ಮುದುಡಿರ್ತಾವ.
ವಾರದ ರಜಾ ದಿನ ಮೋಡ.
ಮೋಡಕ್ಕ ಇವು ಏಳೂದೇ ಇಲ್ಲ.

ಬಾಜೂ ಮನಿ ಹಜರತಬಿ
ಅರಳಿ ಹಿಂಜೂದು ಬಿಟ್ಟೆದ್ದು ಬಂದು ಹೇಳಾಕಿ:
'ಇವತ್ತ ಏಳು ರಾಣಿ, ಮೂರು ಹಳದಿ!
ಒಂದಕ್ಕ ಜೇನು ಬಂದಿತ್ತು, ಓಡಿಸಲಿಲ್ಲ.'
ಎರಡು ವರ್ಷ ನನ್ನ ಹೂ
ಆಕಿ ಕಣ್ಣೀಲೆ ನೋಡಿದೆ.

ಯುಗಾದಿ ಮುಂದ, ನಡುರಾತ್ರಿ ನಳ ಬಂದು
ಪೈಪು ಯಾರದು, ಪಾಳಿ ಯಾರದು, ಜಗಳ ಹತ್ತಿತು.
ಒಂದು ಮಾತು ಅಂದೆ ನಾನು,
ಕಡ್ಡಿ ಮುರಿದ್ಹಂಗ.
ಅದನ್ನ ಇಲ್ಲಿ ಬರಿಯೂದಿಲ್ಲ.
ಆಕಿ ಕೊಡ ಅಲ್ಲೇ ಬಿಟ್ಟು ಒಳಗ ಹೋದಳು.
ಕೊಡ ತುಂಬಿ ಹರೀತು.
ಇಬ್ಬರೂ ಎತ್ತಲಿಲ್ಲ.

ಮರುದಿನದಿಂದ ಲೆಕ್ಕ ಹೇಳವರಿಲ್ಲ.
ಟ್ರಿಪ್ ಶೀಟಿನ್ಯಾಗ ಪೈಸಾ ಪೈಸಾ ಹೊಂದಿಸಾಕಿ ನಾನು,
ಕಟ್ಟಿ ಮ್ಯಾಲಿನ ಬಾಕಿ ಹೊಂದವಲ್ತು.
ಗಿಡ ನೋಡಿದ್ರ ಬಕೀಟು ದಾಟಿ
ಮೋಟ ಗೋಡಿ ದಾಟಿ ಆಕಿ ಕಡೆ ಇಳದದ.
ಯಾರನ್ನ ಕೇಳಿ?

ನಿನ್ನೆ ಸಂಜಿ, ಆರೂವರಿ.
ಬೂಟು ಬಿಚ್ಚಾಕ ಬಗ್ಗಿದಾಗ ಕಂಡಿತು:
ಮುಚ್ಚಿದ ಹೂವಿನ ಕುತ್ತಿಗಿಗೆಲ್ಲಾ
ಗಾದಿ ಹೊಲಿಯೂ ದಪ್ಪ ದಾರ.
ಆರು ರಾಣಿ ಬಣ್ಣದ್ದು.
ಮೂರು ಹಳದಿ.
ಟಿಕೀಟಿನ ಕಟ್ಟು ಎಣಿಸಿದ್ಹಂಗ ಬೆರಳು ತಾಗಿಸಿ
ಮತ್ತೊಮ್ಮೆ ಎಣಿಸಿದೆ. ಹತ್ತು ಗಂಟು.

ಹತ್ತನೇದು ಗೋಡಿಯ ಆಚಿ, ಆಕಿ ಬದಿಗೆ.
ಬಿಳೀದು.
ನಾನು ಊರಿದ್ದಲ್ಲ.
ಎಲ್ಲಿಂದ ಮುರಕೊಂಡು ಬಂದಿದ್ದಳೋ,
ಯಾವಾಗ ಊರಿದಳೋ.
ಬಿಳಿ ದಾರ ತೀರಿತ್ತೋ ಏನೋ,
ಗಾಳಿಗೆ ಹಾರದ್ಹಂಗ ಬಿಗಿದು
ಅದಕ್ಕ ಸುತ್ತಿತ್ತು
ಒಂದೆಳಿ ಅರಳಿ.