ಬದಲಿ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ತಂದೆಯ ಉದ್ಯೋಗ: ಕೂಲಿ.
ಬರೆಯುವ ಮುನ್ನ ಹೆಡ್ ಮಾಸ್ತರರು ತುಸು ತಡೆದರು,
ಅಪ್ಪ ತಡೆಯಲಿಲ್ಲ. "ಬರೀರಿ, ಸುಳ್ಳೇನಲ್ಲ."

ಬೈತಖೋಲದ ಬಂದರಿನ ಮಗ್ಗುಲಲ್ಲಿ
ದೋಣಿಗಳನ್ನೆಳೆದು ಮಗುಚಿಟ್ಟ ಮರಳೇ ಮೈದಾನ.
ಒಂದು ಗೋಲಿಗೆ ಎರಡು ಹುಟ್ಟು, ಇನ್ನೊಂದಕ್ಕೆ ಸಮುದ್ರವೇ.
ಭರತ ಏರಿದ ಹಾಗೆ ಅಂಗಳ ಕಿರಿದಾಗುತ್ತ
ಕೊನೆಗುಳಿಯುವುದು ಸೀರೆಯಂಚಿನಷ್ಟು ಒಂದು ಪಟ್ಟಿ.
ಆ ಅಂಚಿನ ಮೇಲೆ ಚೆಂಡು ಒಯ್ಯಲು ಕಲಿತವನು
ಬಸ್ತ್ಯಾಂವ ರೆಬೆಲ್ಲೊ, ಎಡಗಾಲಿನವ.
ಉಣ್ಣಲು, ಬರೆಯಲು ಎಡಗೈ ಎತ್ತಿದರೆ ಏಟು;
ಎಡಗಾಲಿಗೆ ಹೊಡೆಯಲು ಯಾರಿಗೂ ತೋಚಲಿಲ್ಲ.

ಮಾಲಾದೇವಿ ಮೈದಾನದಲ್ಲಿ ಸದಾಶಿವಗಡದವರ ಮೇಲೆ ಆಡಿದ ದಿನ
ಮುಂಬೈ ಗಿರಣಿಯ ಮುನೀಮನೊಬ್ಬ, ಮದುವೆಗೆಂದು ಬಂದವ,
ಛತ್ರಿ ಮಡಚಿ ಕೂತು ನೋಡಿದ. ಆಟ ಮುಗಿದ ಮೇಲೆ
ಎಂಟು ರೂಪಾಯಿ ಇಟ್ಟುಹೋಗಲು ಜಾಗ ಹುಡುಕಿದ.
ಬೇರೆ ಕಡೆಯಾದರೆ ಬೂಟಿನೊಳಗೆ ತುರುಕುತ್ತಿದ್ದರಂತೆ, ಗುಟ್ಟಾಗಿ.
ಇವನಿಗೆ ಬೂಟಿಲ್ಲ. ಬರಿಗಾಲಲ್ಲಿ ಗುಟ್ಟು ಎಲ್ಲಿಡುವುದು?
ಅಜ್ಜಿಯ ಬಂಗಡೆ ಬುಟ್ಟಿಯ ಎಲೆಯಡಿ ಇಟ್ಟ.
ಮೀನು ನಾರುವ ನೋಟು ಹಿಡಿದು ಅಜ್ಜಿ ಕೇಳಿದಳಂತೆ:
"ಏನು ಮಾರಿದೆ?"

ಉತ್ತರ ಕೊಡಲು ಅವನಿಗೆ ಹನ್ನೊಂದು ವರ್ಷ ಹಿಡಿಯಿತು.

ಆಗಬೋಟು ಹತ್ತಿದ. ದೇವಗಡದ ದೀಪ ಹಿಂದೆ ಸರಿಯುವಾಗ
ಡೆಕ್ಕಿನ ಮೇಲೆ ವಾಂತಿ ಮಾಡಿಕೊಂಡ;
ಕೇರಿಯಲ್ಲಿ ಇದನ್ನು ಹೇಳಬೇಡ ಎಂದು ನನಗೆ ಆಣೆ.

ಗಿರಣಿಯ ಹಾಜರಿ ಚೀಟಿ ನನ್ನ ಹತ್ತಿರ ಇದೆ:
ರೆಬೆಲ್ಲೊ ಬಸ್ತ್ಯಾಂವ. ನೂಲು ಖಾತೆ. ಬದಲಿ.
ನೂಲು ಮುಟ್ಟಿದ್ದು ಮೊದಲ ದಿನ ಮಾತ್ರ,
ಕದಿರು ಅಂದರೆ ಯಾವುದೆಂದು ಕೇಳಿ ಜಾಬರನಿಂದ ಬೈಸಿಕೊಂಡು.
ಆಮೇಲೆ ಬೆಳಿಗ್ಗೆ ಓಟ, ಸಂಜೆ ಆಟ, ಶನಿವಾರ ಸಂಬಳ.
ಪಕ್ಕದ ಯಂತ್ರದ ಸಾವಂತವಾಡಿಯವ ಇವನ ಪಾಲಿನ ದಾರವನ್ನೂ ಕಟ್ಟುತ್ತ
ಕೆಮ್ಮುತ್ತಿದ್ದ. ಸೋಮವಾರ ಗೆದ್ದೆವಾ ಎಂದು ಕೇಳುತ್ತಿದ್ದ.
"ಅವನ ಹೆಸರು ಕೇಳಲೇ ಇಲ್ಲ ನಾನು."
ಇದೊಂದನ್ನು ಅಪ್ಪ ಕುಡಿಯದಿದ್ದಾಗ ಮಾತ್ರ ಹೇಳುತ್ತಿದ್ದ.

ಹಬ್ಬಕ್ಕೆ ಬಂದಾಗ ಬೂಟು ಕೊರಳಿಗೆ ಹಾಕಿಕೊಂಡು ಇಳಿದ.
ನಮ್ಮವರೇ ಸೇರಿಸಿಕೊಳ್ಳಲಿಲ್ಲ:
ದುಡ್ಡಿಗೆ ಆಡುವವನಿಗೆ ಪುಕ್ಕಟೆ ಆಡುವವರ ನಡುವೆ ಏನು ಕೆಲಸ?
ಮನಿಯಾರ್ಡರಿನಿಂದ ಹೊದಿಸಿದ ಹೆಂಚಿನ ಕೆಳಗೆ ಕೂತು
ಗಾಳಿ ತಂದ ಕೂಗಿನಿಂದಲೇ ಹೇಳಿದ
ಗೋಲು ಯಾವ ಕಡೆಗಾಯಿತೆಂದು. ಒಂದೂ ತಪ್ಪಲಿಲ್ಲ.

ಪರೇಲಿನ ಗಟ್ಟಿ ನೆಲದಲ್ಲಿ ಎಡ ಮೊಣಕಾಲು ತಿರುಚಿತು.
ಹಸಿ ಸೌದೆ ಮುರಿದ ಸದ್ದು, ಎನ್ನುತ್ತಿದ್ದ.
ಆಗೆಲ್ಲ ಆಟದಲ್ಲಿ ಬದಲಿ ಎಂಬುದಿಲ್ಲ.
ಹತ್ತೇ ಮಂದಿ ಆಡಿದರು; ಎಡಬದಿಯ ನೆಲ
ಕೊನೆಯ ಸೀಟಿಯವರೆಗೂ ಅವನ ಹೆಸರಲ್ಲೇ ಇತ್ತು.
ಸೋಮವಾರ ಗಿರಣಿಯ ಬಾಗಿಲಲ್ಲಿ
ನಲವತ್ತು ಬದಲಿಗಳು ನಿಂತಿದ್ದರು.

ಊರಿಗೆ ಬಂದು ರಂಪಣಿ ಎಳೆದ.
ಹಗ್ಗ ಮುಟ್ಟಿದವರಿಗೆಲ್ಲ ಪಾಲು ಅಲ್ಲಿ, ಮುದುಕಿಗೆ, ಪೋರನಿಗೆ, ಕುಂಟನಿಗೆ;
ಹಗಲಲ್ಲೇ ಎಣಿಸಿ ಮರಳ ಮೇಲೆ ಸುರಿಯುತ್ತಾರೆ.
ಒಂದು ರಾತ್ರಿ ಅಜ್ಜಿ ಗಂಜಿ ಬಡಿಸುವಾಗ, ಯಾರೂ ಕೇಳದೆ:
"ಮಾರಲಿಲ್ಲ ಮಾಯ್. ಗೇಣಿಗೆ ಕೊಟ್ಟಿದ್ದೆ.
ಗದ್ದೆ ತಿರುಗಿ ಬಂತು, ಬದು ಒಡೆದು."
"ಗಂಜಿ ಆರುತ್ತೆ," ಅಂದಳು ಅಜ್ಜಿ.

ನಾನೀಗ ಅದೇ ಶಾಲೆಯ ಬಾಯೋರು.
ಬೀರುವಿನಿಂದ ಆ ಪುಸ್ತಕ ತೆಗೆದೆ, ಹಾಳೆಯಂಚು ಗೆದ್ದಲು ತಿಂದಿದೆ.
ಕೂಲಿ ಎಂಬುದರ ಮುಂದೆ ಇನ್ನೊಂದು ಶಬ್ದಕ್ಕೆ ಜಾಗವಿದೆ.
ಪೆನ್ನಿನ ಮುಚ್ಚಳ ತೆಗೆದಿದ್ದೆ,
ಹೊರಗೆ ಮಕ್ಕಳು ಒಮ್ಮೆಲೇ ಕೂಗಿದರು.
ಯಾವ ಕಡೆಗೋ ನನಗೆ ತಿಳಿಯಲಿಲ್ಲ.
ನೋಡಲು ಎದ್ದು ಹೋದೆ.